ಕೂಡದ ರಸ್ತೆಗಳ ಮಳೆಗಾಲ

ಆ ಬೀಗ ಅಕ್ಕಿಕಾಳಿಗಿಂತ ಚಿಕ್ಕದಾಗಿತ್ತು, ಆದರೂ ಅದಕ್ಕೊಂದು ಕೀಲಿತೂತು ಇತ್ತು. ಬೆರಳಗಲದ ರೋಲಿಂಗ್ ಶಟರಿನ ಕೆಳಗೆ ಎಡಕ್ಕೊಂದು, ಬಲಕ್ಕೊಂದು ಬೀಗ. ಬಲಗಡೆಯದಕ್ಕೆ ಮಾತ್ರ ತುಕ್ಕು ಹಿಡಿದಿತ್ತು, ಏಕೆಂದರೆ ಅದರ ನೇರ ಮೇಲೆ ಮಹಡಿಯಿಂದ ಇಳಿದ ನೀರಿನ ಪೈಪಿನ ಬಾಯಿ ಇತ್ತು. ಇಷ್ಟನ್ನು ಯೋಚಿಸಿ ಮಾಡಿದವಳು ಸಿಂಧು.

ಕಳೆದ ತಿಂಗಳು ಹಲ್ಲುನೋವಿಗೆಂದು ಬಿಟಿಎಂ ಲೇಔಟಿನ ಕ್ಲಿನಿಕ್ಕೊಂದಕ್ಕೆ ಹೋಗಿದ್ದೆ. ಬಾಗಿಲು ತಳ್ಳುತ್ತಿದ್ದಂತೆ ಲವಂಗದೆಣ್ಣೆಯ ವಾಸನೆ ಬಂತು, ಅದರ ಹಿಂದೆಯೇ ಒದ್ದೆ ಪ್ಲಾಸ್ಟರಿನ ತಣ್ಣನೆಯ ವಾಸನೆ. ಕುರ್ಚಿಯಲ್ಲಿ ಒರಗುವಷ್ಟರಲ್ಲಿ ನನ್ನ ದವಡೆ ಬಿಗಿದುಹೋಗಿತ್ತು. “ಇನ್ನೂ ಏನೂ ಮಾಡಿಲ್ಲ ಮೇಡಂ, ಯಾಕೆ ಹೆದರ್ತೀರ” ಎಂದರು ಡಾಕ್ಟರು. ಹೆದರಿಕೆ ಅಲ್ಲವೆಂದು ಹೇಳಿದರೆ ಮತ್ತೇನು ಎಂದು ಹೇಳಬೇಕಾಗುತ್ತಿತ್ತು. ಸುಮ್ಮನೆ ಬಾಯಿ ತೆರೆದೆ. ಆ ವಾಸನೆಯೆಂದರೆ ನನಗೆ ನಾಲ್ಕು ವರ್ಷದ ಹಿಂದಿನ ಒಂದು ಮಳೆಗಾಲ. ಆ ಮಳೆಗಾಲಕ್ಕೆ ಎಷ್ಟು ಯೋಚಿಸಿದರೂ ಹೊಟ್ಟೆಕಿಚ್ಚು ಎನ್ನುವುದಕ್ಕಿಂತ ಸರಿಯಾದ ಹೆಸರು ನನಗೆ ಸಿಕ್ಕಿಲ್ಲ.

ಆಗ ನಾನು ಭೂಗೋಳದಲ್ಲಿ ಎಂ.ಎಸ್ಸಿ. ಮುಗಿಸಿ, ಜಯನಗರದಲ್ಲಿ ನಕಾಶೆ ತಯಾರಿಸುವ ಒಂದು ಕಚೇರಿಗೆ ಸೇರಿದ್ದೆ. ವಾರವೆಲ್ಲ ಬೇರೆಯವರ ರಸ್ತೆಗಳನ್ನು ಪರದೆಯ ಮೇಲೆ ಸರಿಪಡಿಸುವುದು, ಭಾನುವಾರ ಬನಶಂಕರಿಯ ನಮ್ಮ ಮನೆಯಿಂದ ಸಾರಕ್ಕಿಗೆ ಹೋಗುವುದು. ಅಲ್ಲಿ ನನ್ನ ಕಾಲೇಜಿನ ಗೆಳೆಯ ಚೇತನ್ ಇದ್ದ. ಅವನ ತಾತ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅವರ ಬಾಡಿಗೆ ಮನೆಗಳು ನಿಂತಿವೆ. ಆಗ ಎರಡು ವರ್ಷದಿಂದ ಕೆಳಗಿನ ಅಂಗಡಿ ಮಳಿಗೆಯೊಂದು ಖಾಲಿ ಇತ್ತು. ಅದರಲ್ಲಿ ಒಂದು ದೊಡ್ಡ ಮೇಜು ಹಾಕಿ ನಾವು ಕೆಲವರು ಯುದ್ಧದಾಟ ಆಡುತ್ತಿದ್ದೆವು. ಮೇಜಿನ ತುಂಬ ಪುಟ್ಟದೊಂದು ನಗರ ಹರಡಿ, ಹೆಬ್ಬೆರಳಿನ ಗೆಣ್ಣಿನಷ್ಟೆತ್ತರದ ಸೈನಿಕರನ್ನು ಟೇಪಿನಲ್ಲಿ ಅಳೆದು ಸರಿಸುತ್ತ, ಗುಂಡು ತಗುಲಿತೋ ತಪ್ಪಿತೋ ಎಂದು ದಾಳ ಹಾಕಿ ನೋಡುವ ಆಟ. ಉಳಿದವರು ಬರುತ್ತಿದ್ದದ್ದು ಆಡುವುದಕ್ಕೆ. ನಾನು ಹೋಗುತ್ತಿದ್ದದ್ದು ಆ ನಗರಕ್ಕಾಗಿ, ಏಕೆಂದರೆ ಅದನ್ನು ಕಟ್ಟಿದ್ದು ನಾನು.

ಎರಡು ವರ್ಷ ಕಟ್ಟಿದ್ದೆ. ಒಂದಡಿ ಚೌಕದ ಫೋಮ್ ಹಲಗೆಗಳು. ಅವನ್ನು ಟೈಲ್ ಎನ್ನುತ್ತಿದ್ದೆವು. ಬಿಸಿ ತಂತಿಯಲ್ಲಿ ಕೊಯ್ದು, ಮುದ್ದೆ ಮಾಡಿದ ಅಲ್ಯೂಮಿನಿಯಂ ಹಾಳೆಯನ್ನು ಒತ್ತಿ ಕಲ್ಲಿನ ಮೈ ಬರಿಸಿ, ಕಪ್ಪು ಬಣ್ಣದ ಮೇಲೆ ಬೂದು, ಬೂದಿನ ಮೇಲೆ ಒಣ ಕುಂಚದಿಂದ ತಿಳಿಬೂದು ಸವರಿ ಮಾಡಿದವು. ಅವಕ್ಕೊಂದು ನಿಯಮವಿತ್ತು. ರಸ್ತೆ ಮೂರಿಂಚು ಅಗಲವಿರಬೇಕು, ಪ್ರತಿ ಅಂಚಿನ ನಟ್ಟನಡುವೆಯೇ ಹೊರಗೆ ಹೋಗಬೇಕು. ಹಾಗಿದ್ದರೆ ಯಾವ ಟೈಲಿನ ಪಕ್ಕ ಯಾವುದನ್ನಿಟ್ಟರೂ, ಹೇಗೆ ತಿರುಗಿಸಿಟ್ಟರೂ ರಸ್ತೆ ಕೂಡುತ್ತದೆ. ಪ್ರತಿ ಭಾನುವಾರ ಹೊಸ ಊರು ಹುಟ್ಟುತ್ತದೆ. ಆ ನಿಯಮ ನನ್ನದು. ಅದನ್ನು ಯಾರೂ ಹೊಗಳುತ್ತಿರಲಿಲ್ಲ. ಆದರೆ ಟೈಲ್ ಜೋಡಿಸುವಾಗ ಎಲ್ಲರೂ ಕಣ್ಣುಮುಚ್ಚಿ ನಂಬುತ್ತಿದ್ದರು. ನನಗೆ ಅಷ್ಟು ಸಾಕಾಗಿತ್ತು.

ಸಾಕಾಗಿತ್ತು ಎನ್ನುವುದೂ ಪೂರ್ತಿ ನಿಜವಲ್ಲ. ಪ್ರತಿ ವರ್ಷ ದಸರೆಯಾದ ಮೇಲಿನ ಭಾನುವಾರ ಜಯನಗರದ ಒಂದು ಸಭಾಂಗಣದಲ್ಲಿ ಊರಿನ ಇಂಥ ತಂಡಗಳೆಲ್ಲ ಸೇರುತ್ತವೆ. ನಡೆಸುವವರು ಪ್ರಸಾದ್ ಸಾರ್, ನಿವೃತ್ತ ಎಂಜಿನಿಯರು. ಎಲ್ಲ ತಂಡಗಳ ಮೇಜುಗಳನ್ನೂ ನೋಡಿ, ಮುಂದಿನ ವರ್ಷದ ದೊಡ್ಡ ಮೇಜನ್ನು ಕಟ್ಟಲು ಅವರು ಒಬ್ಬರನ್ನು ಆರಿಸುತ್ತಾರೆ. ಸಭಾಂಗಣದ ನಡುವೆ, ಇಪ್ಪತ್ತು ಜನ ಸುತ್ತ ನಿಲ್ಲಬಹುದಾದಷ್ಟು ದೊಡ್ಡ ಮೇಜು. ಆ ವರ್ಷ ಮೊದಲ ಬಾರಿಗೆ ನಮ್ಮ ತಂಡದ ಮೇಜೂ ಅಲ್ಲಿಗೆ ಹೋಗುವುದಿತ್ತು. ಅವರು ನನ್ನನ್ನು ಆರಿಸಬೇಕೆಂದು ನಾನು ಬಯಸಿದ್ದೆ. ಯಾರಿಗೂ ಹೇಳಿರಲಿಲ್ಲ, ಚೇತನ್‌ಗೂ.

ಜೂನ್ ತಿಂಗಳ ಒಂದು ಭಾನುವಾರ ಇಮ್ರಾನ್ ಸಿಂಧುವನ್ನು ಕರೆತಂದ. ನಮ್ಮಲ್ಲಿ ಅತಿ ಹೆಚ್ಚು ಸೋಲುವವನೂ ಅತಿ ಹೆಚ್ಚು ಮಾತಾಡುವವನೂ ಅವನೇ.

“ಇವ್ರು ಡಾಕ್ಟ್ರು ಸಿಂಧು. ನನ್ನ ಬುದ್ಧಿಹಲ್ಲು ಕಿತ್ತೋರು.”

“ಅದಕ್ಕೇ ನೀನು ಹಿಂಗಾಡ್ತಿರೋದು” ಎಂದ ಚೇತನ್.

“ಇನ್ನೂ ಡಾಕ್ಟರ್ ಆಗಿಲ್ಲ, ಇಂಟರ್ನ್‌ಶಿಪ್ ನಡೀತಿದೆ” ಎಂದಳು ಸಿಂಧು. ನನಗಿಂತ ಎರಡು ವರ್ಷ ಚಿಕ್ಕವಳು. ಕೈಯಲ್ಲಿ ಒದ್ದೆ ಛತ್ರಿ, ಬೆರಳುಗಳಲ್ಲಿ ಲವಂಗದ ವಾಸನೆ. ನನ್ನ ಟೈಲುಗಳ ಮುಂದೆ ಕುಳಿತು ಮೂಗು ತಾಗುವಷ್ಟು ಬಗ್ಗಿ ನೋಡಿದಳು. “ಅಕ್ಕ, ಇದೆಲ್ಲ ನೀವೇ ಮಾಡಿದ್ದಾ? ಎಷ್ಟು ನೀಟಾಗಿದೆ.” ನಾನು ಹೌದು ಎಂದೆ. ಹೇಗೆ ಮಾಡಿದಿರಿ ಎಂದು ಕೇಳಿದಳು, ಹೇಳಿದೆ. ಆ ದಿನ ಅವಳ ಬಗ್ಗೆ ನನಗೆ ಬೇಸರವೇನೂ ಆಗಲಿಲ್ಲ. ಚೆನ್ನಾಗಿ ಕೇಳಿಸಿಕೊಳ್ಳುವ ಹುಡುಗಿ ಎಂದುಕೊಂಡು ಮನೆಗೆ ಹೋದೆ.

ಜುಲೈ ಕೊನೆಗೆ ಅವಳು ಸಿಹಿತಿಂಡಿಯ ಡಬ್ಬಿಯೊಂದರಲ್ಲಿ ತನ್ನ ಮೊದಲ ಟೈಲ್ ತಂದಳು. ಹೊರಗೆ ಜಿನುಗು ಮಳೆ. ಮಳಿಗೆಯ ಶಟರನ್ನು ಅರ್ಧ ಇಳಿಸಿ ಟ್ಯೂಬ್‌ಲೈಟ್ ಹಾಕಿದ್ದೆವು. ಅವಳು ಮುಚ್ಚಳ ತೆಗೆದಾಗ ಎಲ್ಲರೂ ಡಬ್ಬಿಯ ಮೇಲೆ ಬಗ್ಗಿದೆವು. ಹಲ್ಲಿನ ಅಚ್ಚು ತೆಗೆಯುವ ಗಟ್ಟಿ ಪ್ಲಾಸ್ಟರಿನಲ್ಲಿ ಎರಕ ಹೊಯ್ದು, ಮೇಣ ಕೆತ್ತುವ ಸಲಾಕೆಗಳಲ್ಲಿ ಕೆತ್ತಿದ ಒಂದು ಸಿಗ್ನಲ್. ಅಂಗಡಿ ಸಾಲು, ಶಟರು, ಆ ಬೀಗಗಳು. ವಿದ್ಯುತ್ ಕಂಬಕ್ಕೆ ಸುತ್ತಿದ ಕೇಬಲ್ಲಿನ ಉಂಡೆ. ಡ್ರಮ್ಮಿನ ಮೇಲೆ ಕವುಚಿಟ್ಟ ಮಗ್ಗು. ಗೋಡೆಯಲ್ಲಿ ಯಾರೋ ಹರಿದ ಪೋಸ್ಟರಿನ ಉಳಿದ ಮೂಲೆಗಳು.

ಅಷ್ಟರಲ್ಲಿ ಚೇತನ್‌ನ ತಾಯಿ ಗೌರಮ್ಮ ಬೇಯಿಸಿದ ಕಡಲೆಕಾಯಿಯ ಬುಟ್ಟಿ ಹಿಡಿದು ಬಂದರು. ಎರಡು ವರ್ಷದಿಂದ ಪ್ರತಿ ವಾರ ನಮಗೆ ಏನಾದರೂ ತಂದಿಟ್ಟು, ಮೇಜಿನತ್ತ ಒಮ್ಮೆ ನೋಡಿ ಹೋಗುತ್ತಿದ್ದವರು ಅವರು. ಅಂದು ಹೋಗಲಿಲ್ಲ.

“ಲೇ ಚೇತ, ಇದು ನಮ್ ಸಿಗ್ನಲ್ ಅಲ್ವೇನೋ? ನೋಡು, ಹೂವಿನೋಳು ಕೂತ್ಕಳೋ ಕಟ್ಟೆ. ಅಯ್ಯೋ, ಆ ಮುರುದೋಗಿರೋ ಮೆಟ್ಲೂ ಐತಲ್ಲೋ.”

“ಹೂಂ ಕಣಮ್ಮ. ಸಿಂಧು ಮಾಡಿರೋದು.”

“ಯಾವಾಗ ನೋಡ್ಕಂಡು ಹೋದೆ ಮಗಳೇ?”

“ಬಸ್ಸಿಗೆ ಕಾಯ್ತಾ ನಿಂತಿರ್ತೀನಲ್ಲ ಆಂಟಿ, ಆಗ.”

ಗೌರಮ್ಮ ಆಂಟಿ ಆಮೇಲೆ ನನ್ನ ಕಡೆ ತಿರುಗಿದರು. ಅವರಿಗೆ ಯಾರ ಮನಸ್ಸನ್ನೂ ನೋಯಿಸಿ ಗೊತ್ತಿಲ್ಲ. “ಇವು ಅನೂದಲ್ವಾ? ಇವೂ ಚೆಂದಾಗವೆ. ಇದು ಯಾವೂರಮ್ಮ?”

ನಾನು ಸುಮ್ಮನೆ ಮಾಡಿದ್ದು ಆಂಟಿ, ಯಾವೂರೂ ಅಲ್ಲ ಎಂದೆ. ಇಪ್ಪತ್ತಮೂರು ಟೈಲುಗಳ ನನ್ನ ನಗರ ಆ ಮಾತಿನ ಮುಂದೆ ಖಾಲಿ ಸೈಟಿನ ಹಾಗೆ ಕಂಡಿತು. ಅವಳ ಹಾಗೆ ನಾನೂ ಎರಡು ವರ್ಷ ಅದೇ ಸಿಗ್ನಲ್ಲಿನಲ್ಲಿ ಬಸ್ಸಿಳಿದಿದ್ದೆ, ಅದೇ ಮುರಿದ ಮೆಟ್ಟಿಲು ದಾಟಿದ್ದೆ. ಅದು ಅಲ್ಲಿರುವುದು ನನಗೆ ಗೊತ್ತೇ ಇರಲಿಲ್ಲ.

ಅವಳ ಟೈಲನ್ನು ಮೇಜಿನ ಮೇಲೆ ಇಟ್ಟು ನೋಡಿದಾಗ ಮೂರು ರಸ್ತೆಗಳು ನನ್ನವಕ್ಕೆ ಕೂಡಿದವು. ನಾಲ್ಕನೆಯದು ಎರಡಿಂಚು ಎಡಕ್ಕೆ ಜಾರಿತ್ತು. ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ.

“ಇದು ಕೂಡಲ್ಲ” ಎಂದೆ.

“ಹೌದಾ? ಅಲ್ಲಿ ರಸ್ತೆ ಹಂಗೇ ಇದೆ ಅಕ್ಕ, ಸೊಟ್ಟ” ಎಂದಳು ಸಿಂಧು. ಅವಳ ಮುಖ ಸಣ್ಣಗಾಯಿತು.

“ಸಾರಕ್ಕಿ ಸಿಗ್ನಲ್ಲಲ್ಲಿ ರಸ್ತೆ ನೆಟ್ಟಗೆ ಬಂದ್ರೆ ಅದು ಸಾರಕ್ಕೀನೇ ಅಲ್ಲ ಬಿಡಿ” ಎಂದ ಇಮ್ರಾನ್.

“ಮೇಜಿನ ಅಂಚಿಗೆ ಇಟ್ರೆ ಸರಿಹೋಗತ್ತೆ. ಆ ರಸ್ತೆ ಹೊರಗಡೆ ಮುಖ ಮಾಡಿದ್ರೆ ಆಯ್ತು” ಎಂದೆ.

“ಅಂಚಿಗಾ?” ಚೇತನ್ ಮತ್ತು ಇಮ್ರಾನ್ ಒಟ್ಟಿಗೆ ಕೇಳಿದರು. ನಾನು ದೇವರ ಫೋಟೋವನ್ನು ಚಪ್ಪಲಿ ಸ್ಟ್ಯಾಂಡಿನ ಮೇಲಿಡಿ ಎಂದಂತೆ ಇತ್ತು ಅವರ ದನಿ. ಕೊನೆಗೆ ಚೇತನ್ ತೀರ್ಮಾನಿಸಿದ: “ಇದು ನಟ್ಟನಡುವೆ ಬರತ್ತೆ. ಅನು, ನೀನು ಒಂದು ಸೇರಿಸೋ ಟೈಲ್ ಮಾಡ್ಬಿಡು. ಒಂದು ಕಡೆ ನಿನ್ನ ಅಳತೆ, ಇನ್ನೊಂದು ಕಡೆ ಅವಳದ್ದು. ನಿಂಗೇನು ಮಹಾ.”

ನಿಂಗೇನು ಮಹಾ ಎಂಬುದನ್ನು ಅವನು ಹೊಗಳಿಕೆಯಾಗಿಯೇ ಹೇಳಿದ್ದ. ಅವಳ ಅಂಚಿನ ಮೇಲೆ ಪಾರದರ್ಶಕ ಕಾಗದ ಇಟ್ಟು, ರಸ್ತೆಯ ಎರಡೂ ಬದಿಗಳನ್ನು ಪೆನ್ಸಿಲಿನಲ್ಲಿ ಗುರುತಿಸಿಕೊಂಡು, ಸುರುಳಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ.

ಆಗಸ್ಟ್ ತಿಂಗಳಿಡೀ ಮಳೆ. ಮನೆಯೊಳಗೆ ಹಗ್ಗ ಕಟ್ಟಿ ಬಟ್ಟೆ ಹರವಿದ್ದೆವು. ಟೈಲಿನ ಬಣ್ಣ ಒಣಗದೆ ಬೆರಳಿಗೆ ಅಂಟುತ್ತಿತ್ತು. ಫ್ರಿಜ್ಜಿನ ಹಿಂದೆ ಬೆಚ್ಚಗಿರುತ್ತದೆಂದು ಅಲ್ಲಿ ನಿಲ್ಲಿಸಿದರೆ ಅಮ್ಮ “ಒಂದು ಊರು ಫ್ರಿಜ್ ಹಿಂದೆ, ಒಂದು ಊರು ಮಂಚದ ಕೆಳಗೆ, ನಾವೆಲ್ಲಿರೋಣ” ಎನ್ನುತ್ತಿದ್ದರು. ನಾನು ಕೆಲಸ ಮಾಡುತ್ತಿದ್ದೆ, ಆದರೆ ಕೈಗೆ ಸಂತೋಷ ಇರಲಿಲ್ಲ. ಅವಳ ಬೆರಳಿಗೆ ಕಾಲೇಜು ಐದು ವರ್ಷ ತಾಲೀಮು ಕೊಟ್ಟಿದೆ, ಅವಳ ಹತ್ತಿರ ಸಲಾಕೆಗಳಿವೆ, ಅದಕ್ಕೇ ಬರುತ್ತದೆ ಎಂದು ನನಗೆ ನಾನೇ ವಾದಿಸುತ್ತಿದ್ದೆ. ಒಂದು ಶನಿವಾರ ದಂತವೈದ್ಯರ ಸಾಮಾನು ಮಾರುವ ಅಂಗಡಿಗೆ ಹೋಗಿ ಅಂಥದೇ ಒಂದು ಸಲಾಕೆ ತಂದೆ. ಅಂಗಡಿಯವನು “ಯಾವ ಕಾಲೇಜು ಮೇಡಂ” ಎಂದು ಕೇಳಿದ; ಕೇಳಿಸಲಿಲ್ಲವೆಂಬಂತೆ ನಿಂತೆ. ಮನೆಗೆ ಬಂದು ಕೆತ್ತಿದರೆ ಫೋಮ್ ಹರಿಯಿತು. ಸಲಾಕೆಯನ್ನು ಹಳೆಯ ಸ್ವೆಟರುಗಳ ನಡುವೆ ಇಟ್ಟೆ.

ಭಾನುವಾರಗಳಂದು ಸಾರಕ್ಕಿಗೆ ಹೋಗುವುದನ್ನೂ ಬಿಟ್ಟೆ. ಆಫೀಸು, ನೆಗಡಿ, ನೆಂಟರು ಎಂದು ಏನೇನೋ ಹೇಳಿದೆ. ಫೋನಿನಲ್ಲಿ ನಮ್ಮ ಗುಂಪಿಗೆ ಚೇತನ್ ಕಳಿಸುವ ಫೋಟೋಗಳನ್ನು ಮಾತ್ರ ದೊಡ್ಡದು ಮಾಡಿ ಮಾಡಿ ನೋಡುತ್ತಿದ್ದೆ. ಕಿಟಕಿಯ ಪಕ್ಕದ ಸ್ಟೂಲಿನಲ್ಲಿ ಸಿಂಧು ಕುಳಿತಿರುತ್ತಿದ್ದಳು. ಅದು ನಾನು ಕೂರುವ ಸ್ಟೂಲು. ಅವಳ ಕೆಲಸದಲ್ಲಿ ತಪ್ಪು ಹುಡುಕುತ್ತಿದ್ದೆ. ಕಂಬ ಕಟ್ಟಡಕ್ಕಿಂತ ತುಸು ಎತ್ತರವಾಯಿತು ಎನ್ನಿಸಿದ ದಿನ ಊಟ ರುಚಿಸಿತು. ಮಾರನೆಯ ದಿನ ಬಸ್ಸಿನಿಂದ ನೋಡಿದರೆ ನಿಜವಾದ ಕಂಬಗಳೂ ಹಾಗೆಯೇ ಇದ್ದವು. “ಅಕ್ಕ, ಯಾವಾಗ ಬರ್ತೀರ? ನಿಮ್ಮ ಟೈಲ್ ನೋಡ್ಬೇಕು” ಎಂದು ಅವಳೊಮ್ಮೆ ಬರೆದಳು. ಹೆಬ್ಬೆರಳಿನ ಚಿತ್ರವೊಂದನ್ನು ಉತ್ತರವಾಗಿ ಕಳಿಸಿದೆ.

ಸೇರಿಸುವ ಟೈಲನ್ನು ಅವಳದಕ್ಕಿಂತ ಚೆನ್ನಾಗಿ ಮಾಡಬೇಕೆಂಬ ಹಟದಲ್ಲಿ ಎಲ್ಲವನ್ನೂ ಹೇರಿದೆ. ಚರಂಡಿಯ ಕಲ್ಲುಗಳನ್ನು ಒಂದೊಂದಾಗಿ ಕತ್ತರಿಸಿ ಅಂಟಿಸಿದೆ. ಡಾಂಬರಿನ ಬಿರುಕುಗಳನ್ನು ಸೂಜಿಯಲ್ಲಿ ಗೀರಿದೆ. ಒಣಗಿಸಿದ ಚಹಾಪುಡಿಯನ್ನು ಮರದ ಬುಡಕ್ಕೆ ಉದುರಿಸಿದೆ. ಬೇರೆ ಯಾವ ವರ್ಷವಾದರೂ ಫೋಮ್ ಕೊಯ್ದ ಕೂಡಲೇ ಅದನ್ನು ಪಕ್ಕದ ಟೈಲಿಗೆ ತಾಗಿಸಿ ನೋಡಿ, ಆಮೇಲಷ್ಟೇ ಬಣ್ಣಕ್ಕೆ ಕೈ ಹಾಕುತ್ತಿದ್ದೆ. ಈ ಸಲ ತಾಗಿಸಿ ನೋಡಲು ಸಾರಕ್ಕಿಗೆ ಹೋಗಬೇಕಿತ್ತು. ಹೋದರೆ ಆ ಬೀಗಗಳನ್ನು ನೋಡಬೇಕಿತ್ತು.

ದಸರೆ ಮುಗಿದು, ಜಯನಗರದ ಪ್ರದರ್ಶನದ ಹಿಂದಿನ ದಿನ ಮಧ್ಯಾಹ್ನ ಟೈಲನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದೆ. ಎಲ್ಲರೂ ಇದ್ದರು. “ಬಂದ್ಳಪ್ಪ ನಮ್ಮ ಟೌನ್ ಪ್ಲಾನಿಂಗು” ಎಂದ ಇಮ್ರಾನ್. ಟವೆಲ್ ಬಿಚ್ಚಿದಾಗ ಸಿಂಧು “ಚರಂಡಿ ಕಲ್ಲು ನೋಡಿ, ಎಷ್ಟು ಚೆನ್ನಾಗಿದೆ” ಎಂದಳು. ಅವಳ ಟೈಲಿನ ಪಕ್ಕ ಇಟ್ಟೆ.

ಅವಳ ರಸ್ತೆ ಎಡಕ್ಕೆ ಜಾರಿತ್ತು. ನನ್ನದು ಬಲಕ್ಕೆ ಜಾರಿತ್ತು. ಎರಡು ರಸ್ತೆಗಳೂ ಒಂದನ್ನೊಂದು ನೋಡದೆ, ಎದುರಿನ ಫುಟ್‌ಪಾತಿಗೆ ಹೋಗಿ ಮುಟ್ಟಿದ್ದವು.

ಕಾಗದವನ್ನು ಮಗುಚಿಟ್ಟಿದ್ದೆ. ಪೆನ್ಸಿಲಿನ ಗುರುತು ಪಾರದರ್ಶಕ ಕಾಗದದ ಎರಡೂ ಬದಿಗೆ ಒಂದೇ ಥರ ಕಾಣುತ್ತದೆ. ಯಾವುದು ಮೇಲು ಎಂದು ನಾನು ಬರೆದುಕೊಂಡಿರಲಿಲ್ಲ. ಮಗುಚಿದರೆ ಎಡ ಬಲವಾಗುತ್ತದೆ. ನಕಾಶೆ ಕಚೇರಿಯಲ್ಲಿ ಕೆಲಸ ಮಾಡುವವಳು ಮಾಡುವ ತಪ್ಪೇ ಅಲ್ಲ ಅದು.

“ಪರವಾಗಿಲ್ಲ ಬಿಡು ಅನು” ಎಂದ ಚೇತನ್. ಎರಡು ವರ್ಷದಲ್ಲಿ ಅವನು ನನಗೆ ಆ ಮಾತು ಹೇಳುವ ಸಂದರ್ಭ ಬಂದಿರಲಿಲ್ಲ. ಇಮ್ರಾನ್ ತಮಾಷೆ ಮಾಡಲಿಲ್ಲ, ಅದು ಇನ್ನೂ ಕೆಟ್ಟದಾಗಿತ್ತು. ಸಿಂಧು ಮೇಜಿನ ಎತ್ತರಕ್ಕೆ ಬಗ್ಗಿ ಆ ಸಂದನ್ನೇ ನೋಡುತ್ತಿದ್ದಳು. ಆಮೇಲೆ ನನ್ನನ್ನು ಕೇಳಿದಳು.

“ಅಕ್ಕ, ಸ್ವಲ್ಪ ಕಟ್ ಮಾಡ್ಲಾ?”

“ಮಾಡಿ” ಎಂದೆ.

ಚಾಕುವನ್ನು ನನ್ನ ಡಾಂಬರಿಗೆ ಇಳಿಸಿದಳು. ಮೂರು ವಾರ ಗೀರಿದ ಬಿರುಕುಗಳನ್ನು ದಾಟಿ, ಎರಡು ರಸ್ತೆಗಳ ತಪ್ಪಿದ ತುದಿಗಳ ನಡುವೆ ಉದ್ದಕ್ಕೆ ಒಂದು ಕಾಲುವೆ ತೋಡಿದಳು. ಗೌರಮ್ಮ ಆಂಟಿಯ ಫಿಲ್ಟರಿನಿಂದ ಕಾಫಿಚರಟ ತರಿಸಿ, ಅಂಟು ಕಲಸಿ, ಕಾಲುವೆಯ ಬದಿಗೆ ಮಣ್ಣಿನ ಗುಡ್ಡೆ ಹಾಕಿದಳು. ಎಳನೀರಿನ ಸ್ಟ್ರಾ ಕತ್ತರಿಸಿ ಪೈಪುಗಳನ್ನು ಮಾಡಿದಳು. ಐಸ್‌ಕ್ರೀಮ್ ಕಡ್ಡಿಗಳಿಗೆ ಹಳದಿ ಬಳಿದು ಅಡ್ಡಗಟ್ಟಿದಳು. ಗುಂಡಿ ದಾಟಲು ಒಂದು ತೆಳು ಹಲಗೆ, ಅದೂ ಸ್ವಲ್ಪ ಬಾಗಿದ್ದು. ಸಂಜೆಯ ಹೊತ್ತಿಗೆ ನಮ್ಮ ಊರಿನ ಯಾರೇ ನೋಡಿದರೂ ಹೌದು ಎನ್ನಬಹುದಾದ ಅಗೆದ ರಸ್ತೆಯೊಂದು ಅಲ್ಲಿತ್ತು. ಆಂಟಿ ಬಂದು ನೋಡಿ, “ಇಲ್ಲೂ ಅಗ್ದವ್ರಾ, ಹಾಳಾದೋರು” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಕೆನ್ನೆ ನೋಯುವಷ್ಟು ಹೊತ್ತು. ನನ್ನ ತಪ್ಪು ಕೂಡ ಅವಳ ಕೈಗೆ ಸಿಕ್ಕಿ ಅವಳದಾಗಿಹೋಗಿತ್ತು.

ಭಾನುವಾರ ಸಭಾಂಗಣದಲ್ಲಿ ಜನ ನಮ್ಮ ಮೇಜಿನ ಬಳಿಗೆ ಬಂದರೆ ಸೀದಾ ಆ ಗುಂಡಿಯ ಕಡೆ ಬೆರಳು ತೋರಿಸುತ್ತಿದ್ದರು. ಫೋಟೋ ತೆಗೆಯುತ್ತಿದ್ದರು. ನಾನು ಹಿಂದೆ ಗೋಡೆಗೆ ಒರಗಿ ನಿಂತಿದ್ದೆ. ಮಧ್ಯಾಹ್ನದ ಮೇಲೆ ಪ್ರಸಾದ್ ಸಾರ್ ಬಂದರು. ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು. ನನ್ನ ಟೈಲುಗಳ ಸಂದುಗಳ ಮೇಲೆ ಉಗುರು ಎಳೆದು ನೋಡಿದರು; ಎಲ್ಲೂ ತಡೆಯಲಿಲ್ಲ. ನಾನು ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದೆ. ಉಗುರು ಗುಂಡಿಯ ಹತ್ತಿರ ನಿಂತಿತು.

“ಈ ಅಗೆತ ಯಾರ ಐಡಿಯಾ?”

“ಅನು ಅಕ್ಕಂದು ಸಾರ್” ಎಂದಳು ಸಿಂಧು, ಒಂದು ಕ್ಷಣವೂ ತಡೆಯದೆ.

ಅವಳು ನನ್ನ ಕಡೆ ನೋಡಲಿಲ್ಲ. ಮೆಲ್ಲಗೆ ಒಂದು ವಸ್ತುವನ್ನು ನನ್ನ ಕೈಗೆ ದಾಟಿಸಿ ಸುಮ್ಮನಾದ ಹಾಗಿತ್ತು. ತೆಗೆದುಕೊಂಡಿದ್ದರೆ ನಾನು ಬಯಸಿದ್ದು ಬಹುಶಃ ನನಗೆ ಸಿಗುತ್ತಿತ್ತು. ಆದರೆ ಅವಳ ಕೈಯಿಂದ ಬೇಡವಾಗಿತ್ತು. ನಾನು ಸತ್ಯ ಹೇಳಿದ್ದಕ್ಕೆ ಇಷ್ಟೇ ಕಾರಣ, ಇದರಲ್ಲಿ ದೊಡ್ಡತನವೇನೂ ಇಲ್ಲ.

“ಅಲ್ಲ ಸಾರ್. ನಾನು ರಸ್ತೇನ ಉಲ್ಟಾ ಕೊಯ್ದಿದ್ದೆ. ಗುಂಡಿ ಇವರದು.”

“ಉಲ್ಟಾ ಹೇಗಾಯ್ತು?”

“ಕಾಗದ ಮಗುಚಿಟ್ಟೆ.”

“ಇಷ್ಟನ್ನೂ ಸರಿಯಾಗಿ ಕೊಯ್ದೋರು ಒಂದನ್ನ ಮಗುಚಿಟ್ರಾ” ಎಂದು ಪ್ರಸಾದ್ ಸಾರ್ ನಕ್ಕರು. ಆಮೇಲೆ ಸಿಂಧು ಕಡೆ ತಿರುಗಿ, “ಏನಮ್ಮ, ಮುಂದಿನ ವರ್ಷದ ದೊಡ್ಡ ಮೇಜು ನೀನು ಮಾಡ್ತೀಯ?” ಎಂದು ಕೇಳಿದರು. ಅಷ್ಟು ಸಲೀಸಾಗಿ. ಅಂಗಡಿಯಲ್ಲಿ ಚೀಲ ಬೇಕಾ ಎಂದು ಕೇಳುವ ಹಾಗೆ.

ಸಿಂಧು ಕೆಂಪಾದಳು. “ಅನು ಅಕ್ಕ ಇದ್ರೆ ಮಾಡ್ತೀನಿ ಸಾರ್. ನನ್ನ ಕೈಲಿ ಒಂದು ಸಿಗ್ನಲ್ ಆಗತ್ತೆ. ಊರು ಆಗಲ್ಲ.”

ಈಗ ಮೂವರೂ ನನ್ನನ್ನು ನೋಡುತ್ತಿದ್ದರು. ಚೇತನ್ ಕಣ್ಣಲ್ಲೇ ಹೂಂ ಅನ್ನು ಎನ್ನುತ್ತಿದ್ದ. ಅವಳು ಹೇಳಿದ್ದು ನಿಜವೆಂದು ನನಗೆ ಗೊತ್ತಿತ್ತು. ಅದನ್ನು ಅಷ್ಟು ಜನರೆದುರು ಹಗುರಾಗಿ ಹೇಳಿಬಿಡುವ ಮನಸ್ಸು ಅವಳಿಗಿತ್ತಲ್ಲ, ಆ ಗಳಿಗೆಯಲ್ಲಿ ಅದರ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಯೋಚಿಸಿ ಹೇಳ್ತೀನಿ ಸಾರ್ ಎಂದೆ. ಟೈಲುಗಳನ್ನು ಡಬ್ಬಗಳಿಗೆ ತುಂಬುವಾಗ ಅವಳ ಜೊತೆ ಒಂದು ಮಾತೂ ಆಡಲಿಲ್ಲ.

ಮರುದಿನ ಬೆಳಗ್ಗೆ ಆಫೀಸಿನ ಬಸ್ಸು ಹತ್ತುವ ಬದಲು ಸಾರಕ್ಕಿಯ ಬಸ್ಸು ಹತ್ತಿದೆ. ಸಿಗ್ನಲ್ಲಿನಲ್ಲಿ ಇಳಿದು, ಅವಳು ಕಾಯುತ್ತಾ ನಿಲ್ಲುತ್ತಿದ್ದ ಜಾಗ ಯಾವುದಿರಬಹುದೆಂದು ಊಹಿಸಿ ಅಲ್ಲಿ ನಿಂತೆ. ಮೊದಲು ನನಗೆ ಕಂಡದ್ದೆಲ್ಲ ಅವಳು ಆಗಲೇ ಮಾಡಿದ್ದು: ಕಟ್ಟೆ, ಮೆಟ್ಟಿಲು, ಕೇಬಲ್ಲಿನ ಉಂಡೆ. ಏನನ್ನೂ ಬಿಟ್ಟಿರಲಿಲ್ಲ. ಒಂದು ಬಸ್ಸು ಹೋಯಿತು, ಇನ್ನೊಂದು ಹೋಯಿತು. ಆಮೇಲೆ ನೆಲ ನೋಡಿದೆ. ಆಯುಧಪೂಜೆಗೆ ಒಡೆದ ಬೂದುಗುಂಬಳಕಾಯಿ ರಸ್ತೆಯಲ್ಲಿ ಇನ್ನೂ ಬಿದ್ದಿತ್ತು. ಅದರ ತಿರುಳಿಗೆ ಕುಂಕುಮ ಇಳಿದು ಬಾಡಿದ ಗುಲಾಬಿ ಬಣ್ಣವಾಗಿತ್ತು, ಬೀಜಗಳು ಡಾಂಬರಿಗೆ ಅಂಟಿದ್ದವು. ವಾಹನಗಳಿಗೆ ಕಟ್ಟಿದ್ದ ಚೆಂಡುಹೂವು ಉದುರಿ, ಚಕ್ರಕ್ಕೆ ಸಿಕ್ಕಿ ಅರೆದುಹೋಗಿ, ಎಲ್ಲರೂ ಎಡಕ್ಕೆ ತಿರುಗುವ ಕಡೆ ರಸ್ತೆಯ ಮೇಲೆ ಹಳದಿಯ ಒಂದು ಬಾಗಿದ ಗೆರೆ ಮೂಡಿತ್ತು. ಅದು ರಸ್ತೆಯ ಅಂಚಿಗೂ ಕೂಡುತ್ತಿರಲಿಲ್ಲ, ನಡುವಿಗೂ ಕೂಡುತ್ತಿರಲಿಲ್ಲ. ಜೂನ್‌ನಲ್ಲಿ ಇಲ್ಲಿ ನಿಂತವಳಿಗೆ ಇದು ಕಾಣುವಂತಿರಲಿಲ್ಲ.

ಫೋನ್ ಮಾಡಿದೆ.

“ಅಕ್ಕ? ಇಷ್ಟು ಬೆಳಗ್ಗೆ?”

“ಮುಂದಿನ ವರ್ಷದ್ದು ಮಾಡೋಣ. ಆದ್ರೆ ಸಾರಕ್ಕಿ ಸಿಗ್ನಲ್ ನಾನು ಮಾಡ್ತೀನಿ.”

“ಅದನ್ನ ಮಾಡಾಗಿದೆಯಲ್ಲ ಅಕ್ಕ.”

“ಆಗಿಲ್ಲ” ಎಂದೆ.

ಏನು ಬಾಕಿಯಿದೆ ಎಂದು ಅವಳು ಕೇಳಿದಳು. ನಾನು ಹೇಳಲಿಲ್ಲ. ಫೋನನ್ನು ಚೀಲಕ್ಕೆ ಹಾಕಿ, ಅಳತೆಯ ಟೇಪು ಹೊರತೆಗೆದು, ಸಿಗ್ನಲ್ ಕೆಂಪಾಗುವುದನ್ನು ಕಾದು ಆ ಹಳದಿ ಗೆರೆಯತ್ತ ರಸ್ತೆಗಿಳಿದೆ.